ಮರದ ಅಂಬಾರಿ ಮತ್ತು ಕಾನ್ಸೆಪ್ಟ್ ಕಾರು

ಜಂಬೂಸವಾರಿಗೆ ಇನ್ನೂ ತಿಂಗಳಿಗೂ ಹೆಚ್ಚು ಕಾಲ ಇರುವಾಗಲೇ ಗಜಪಡೆ ಕಾಡಿನಿಂದ ಮೈಸೂರಿಗೆ ಬಂದಿಳಿಯುತ್ತದೆ. ಮೊದಲು ಬರಿಮೈಯ ನಡಿಗೆ, ಆಮೇಲೆ ಬೆನ್ನಿನ ಮೇಲೆ ಮರಳಿನ ಮೂಟೆ, ಕೊನೆಗೆ ಮರದ ಅಂಬಾರಿ. ನಡುನಡುವೆ ಕುಶಾಲತೋಪಿನ ಸದ್ದಿಗೆ ಬೆದರದಂತೆ ಬೇರೆಯೇ ತಾಲೀಮು. ಸಯ್ಯಾಜಿರಾವ್ ರಸ್ತೆಯಲ್ಲಿ ಮರದ ಅಂಬಾರಿ ಹೊತ್ತ ಆನೆ ಸಾಗುವುದನ್ನು ಕಂಡು ‘ಇದರಲ್ಲಿ ಚಿನ್ನವೆಲ್ಲಿ, ದೇವಿಯ ವಿಗ್ರಹವೆಲ್ಲಿ’ ಎಂದು ಯಾರೂ ತಕರಾರು ತೆಗೆಯುವುದಿಲ್ಲ. 750 ಕಿಲೊ ತೂಕದ ಚಿನ್ನದ ಅಂಬಾರಿಯನ್ನು ಹೊರಿಸುವ ಮುನ್ನ ಆನೆ, ಮಾವುತ, ಬೀದಿ, ಜನಜಂಗುಳಿ ಎಲ್ಲವನ್ನೂ ಒಮ್ಮೆ ಪರೀಕ್ಷಿಸಿ ನೋಡುವ ಏರ್ಪಾಡು ಅದೆಂಬುದು ಊರಿಗೇ ಗೊತ್ತು.

ಕಾರಿನ ವಿಷಯಕ್ಕೆ ಬಂದಾಗ ಈ ತಿಳಿವಳಿಕೆ ನಮ್ಮ ಕೈಬಿಡುತ್ತದೆ. ಎಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗ, ವಾಹನ ಪ್ರದರ್ಶನವೊಂದರಲ್ಲಿ ಅನಾವರಣಗೊಂಡ ಕಾರಿನ ಚಿತ್ರವನ್ನು ಒಂದು ವರ್ಷ ಮೊಬೈಲಿನ ಪರದೆಯ ಮೇಲೆಯೇ ಇಟ್ಟುಕೊಂಡಿದ್ದ. ಅದು ಮಾರಾಟಕ್ಕೆ ಬಂದಿತೆಂದು ತಿಳಿದ ವಾರವೇ ನನ್ನನ್ನೂ ಎಳೆದುಕೊಂಡು ಹುಣಸೂರು ರಸ್ತೆಯ ಶೋರೂಮಿಗೆ ಹೋದ. ಅಲ್ಲಿ ನಿಂತಿದ್ದ ಕಾರಿನ ಗಾಲಿ ಚಿಕ್ಕದಾಗಿತ್ತು, ಕಿಟಕಿ ಅಗಲವಾಗಿತ್ತು, ಮೂಗು ಮೊಂಡಾಗಿತ್ತು. ಚಿತ್ರದಲ್ಲಿ ಬಾಗಿಲೊಳಗೆ ಅಡಗಿದ್ದ ಹಿಡಿಗಳು ಇಲ್ಲಿ ಎಲ್ಲ ಕಾರುಗಳಲ್ಲಿರುವಂತೆಯೇ ಹೊರಗೆ ಚಾಚಿಕೊಂಡಿದ್ದವು. ‘ಮಾವ, ತೋರ್ಸಿದ್ದೇ ಒಂದು, ಮಾರ್ತಿರೋದೇ ಒಂದು. ಇದು ಮೋಸ ಅಲ್ವಾ?’ ಎಂದ. ಅಲ್ಲವೆಂದೆ. ಏಕೆ ಅಲ್ಲ ಎಂಬುದನ್ನು ಶೋರೂಮಿನ ಸೋಫಾದ ಮೇಲೆ ಕುಳಿತು ಹೇಳಿ ಮುಗಿಸಲು ಆಗಲಿಲ್ಲ.

ಕಾನ್ಸೆಪ್ಟ್ ಕಾರು ಎಂದರೆ ಮಾರಾಟದ ಉದ್ದೇಶವಿಲ್ಲದೆ, ಒಂದು ಆಲೋಚನೆಯನ್ನು ಕಣ್ಣಿಗೆ ಕಾಣುವ ಪೂರ್ಣ ಗಾತ್ರದ ವಸ್ತುವಾಗಿ ನಿಲ್ಲಿಸಲು ಕಟ್ಟಿದ, ಸಾಮಾನ್ಯವಾಗಿ ಒಂದೇ ಒಂದು ಪ್ರತಿಯಿರುವ ಕಾರು. ಆ ಆಲೋಚನೆ ಆಕಾರಕ್ಕೆ ಸಂಬಂಧಿಸಿದ್ದಿರಬಹುದು, ಎಂಜಿನ್ನಿಗೆ ಸಂಬಂಧಿಸಿದ್ದಿರಬಹುದು, ಒಳಗೆ ಜನ ಹೇಗೆ ಕೂರಬೇಕು ಎಂಬುದಕ್ಕೂ ಸಂಬಂಧಿಸಿದ್ದಿರಬಹುದು. ಇದಕ್ಕೂ ಪ್ರೋಟೊಟೈಪಿಗೂ ವ್ಯತ್ಯಾಸವಿದೆ. ತಯಾರಾಗಲೇಬೇಕೆಂದು ನಿಶ್ಚಯವಾದ ಕಾರಿನ ಬ್ರೇಕು, ಸಸ್ಪೆನ್ಷನ್, ಬಾಳಿಕೆಗಳನ್ನು ಪರೀಕ್ಷಿಸಲು ಮೈಮೇಲೆ ಕಪ್ಪು ಬಿಳುಪಿನ ಚಿತ್ತಾರದ ಹಾಳೆ ಅಂಟಿಸಿಕೊಂಡು ಹೆದ್ದಾರಿಗಳಲ್ಲಿ ಓಡಾಡುತ್ತದಲ್ಲ, ಅದು ಪ್ರೋಟೊಟೈಪ್. ಅದು ಜನರ ಕಣ್ಣಿನಿಂದ ತಪ್ಪಿಸಿಕೊಳ್ಳಲು ಹೆಣಗುತ್ತದೆ. ಕಾನ್ಸೆಪ್ಟ್ ಕಾರು ಹುಟ್ಟುವುದೇ ಜನರ ಕಣ್ಣಿಗೆ ಬೀಳಲು.

ಈ ಬಗೆಯ ಮೊದಲ ಕಾರೆಂದು ಸಾಮಾನ್ಯವಾಗಿ ಒಪ್ಪಿರುವುದು 1938ರ ಬ್ಯೂಕ್ ವೈ-ಜಾಬ್ ಅನ್ನು. ಅದನ್ನು ರೂಪಿಸಿದ ಹಾರ್ಲೆ ಅರ್ಲ್, ಸಿರಿವಂತರಿಗೆ ಬೇಕಾದಂತೆ ಕಾರಿನ ಮೈ ಕಟ್ಟಿಕೊಡುತ್ತಿದ್ದ ಕ್ಯಾಲಿಫೋರ್ನಿಯಾದ ಕುಟುಂಬದಿಂದ ಬಂದವನು. 1927ರಲ್ಲಿ, ಬ್ಯೂಕ್ ಕಾರುಗಳನ್ನು ತಯಾರಿಸುವ ಜನರಲ್ ಮೋಟರ್ಸ್ ಕಂಪನಿ ಅವನಿಗಾಗಿಯೇ ‘ಕಲೆ ಮತ್ತು ಬಣ್ಣ’ದ ವಿಭಾಗವೊಂದನ್ನು ತೆರೆಯಿತು. ಅಲ್ಲಿಯವರೆಗೆ ಕಾರಿನ ಆಕಾರವೆಂಬುದು ಬಹುಮಟ್ಟಿಗೆ ಎಂಜಿನಿಯರುಗಳು ತಮ್ಮ ಕೆಲಸ ಮುಗಿಸಿದ ಮೇಲೆ ಉಳಿದದ್ದು. ಅದನ್ನು ಮೊದಲೇ ಯೋಚಿಸಬೇಕಾದ ಸಂಗತಿಯನ್ನಾಗಿ ಮಾಡಿದ್ದು ಅರ್ಲ್‌ನ ದೊಡ್ಡ ಕೊಡುಗೆ. ವೈ-ಜಾಬ್‌ನಲ್ಲಿ ಬೇಡವಾದಾಗ ಮರೆಯಾಗುವ ಹೆಡ್‌ಲೈಟುಗಳಿದ್ದವು, ಗುಂಡಿ ಒತ್ತಿದರೆ ಏರಿಳಿಯುವ ಕಿಟಕಿಗಳಿದ್ದವು, ಬಾಗಿಲಿನ ಮೈಯೊಡನೆ ಸಮವಾಗಿ ಕುಳಿತ ಹಿಡಿಗಳಿದ್ದವು. ಆ ಕಾಲದ ಕಾರುಗಳ ಪಕ್ಕದಲ್ಲಿ ಇರುತ್ತಿದ್ದ ಕಾಲಿಡುವ ಪಟ್ಟಿ ಮಾಯವಾಗಿತ್ತು. ಅರ್ಲ್ ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡದೆ ವರ್ಷಗಟ್ಟಲೆ ತಾನೇ ಓಡಿಸಿಕೊಂಡು ತಿರುಗಿದ. ಅದು ಎಂದೂ ಮಾರಾಟಕ್ಕೆ ಬರಲಿಲ್ಲ, ಆದರೆ ಅದರ ಮುಂಭಾಗದ ಜಾಲರಿಯ ನೆರಳನ್ನು ಯುದ್ಧಾನಂತರದ ಬ್ಯೂಕ್ ಕಾರುಗಳಲ್ಲಿ ಕಾಣಬಹುದು.

ಯುದ್ಧ ಮುಗಿದ ಮೇಲೆ ಇದೇ ಕಂಪನಿ ‘ಮೋಟೊರಾಮಾ’ ಎಂಬ ಸಂಚಾರಿ ಪ್ರದರ್ಶನವನ್ನು ಊರೂರಿಗೆ ಒಯ್ದಿತು. ದಸರಾ ವಸ್ತುಪ್ರದರ್ಶನಕ್ಕೆ ಜನ ಮುಗಿಬೀಳುವಂತೆ ಅಮೆರಿಕನ್ನರು ಅದಕ್ಕೆ ಮುಗಿಬಿದ್ದರು. ಜೆಟ್ ವಿಮಾನದಂಥ ಮೂಗು, ಬಾಲದ ರೆಕ್ಕೆ, ಗ್ಯಾಸ್ ಟರ್ಬೈನ್ ಎಂಜಿನ್ ಇದ್ದ ಫೈರ್‌ಬರ್ಡ್ ಕಾರುಗಳು ಅಲ್ಲಿ ಕಾಣಿಸಿಕೊಂಡವು. ಅವುಗಳ ಟರ್ಬೈನ್ ಯಾವ ಗೃಹಸ್ಥನ ಮನೆಯ ಮುಂದೂ ಬಂದು ನಿಲ್ಲಲಿಲ್ಲ. ಆದರೆ 1953ರ ಜನವರಿಯಲ್ಲಿ ನ್ಯೂಯಾರ್ಕಿನ ಮೋಟೊರಾಮಾದಲ್ಲಿ ಇಟ್ಟಿದ್ದ ಬಿಳಿಯ ಎರಡಾಸನದ ಕಾರೊಂದರ ಕಥೆ ಬೇರೆ. ಜನ ಅದನ್ನು ಎಷ್ಟು ಮೆಚ್ಚಿದರೆಂದರೆ ಅದೇ ವರ್ಷದ ಜೂನ್ ಕೊನೆಗೆ ಅದರ ತಯಾರಿಕೆ ಶುರುವಾಯಿತು. ಪ್ರದರ್ಶನದ ಕಾರಿನಂತೆಯೇ ಮಾರಾಟದ ಕಾರಿನ ಮೈಯೂ ಫೈಬರ್ ಗ್ಲಾಸಿನದೇ ಆಗಿತ್ತು. ಆ ವರ್ಷ ತಯಾರಾದದ್ದು 300 ಕಾರು. ಅದೇ ಶೆವರ್ಲೆ ಕಾರ್ವೆಟ್, ಇಂದಿಗೂ ತಯಾರಾಗುತ್ತಿರುವ ಹೆಸರು. ಆರು ತಿಂಗಳೊಳಗೆ ವೇದಿಕೆಯಿಂದ ರಸ್ತೆಗೆ ಇಳಿದ ಇಂಥ ಉದಾಹರಣೆಗಳು ಬಹಳ ವಿರಳ, ಮತ್ತು ನನ್ನ ಅಭಿಪ್ರಾಯದಲ್ಲಿ ಇಂಥವೇ ನಮ್ಮ ನಿರೀಕ್ಷೆಯನ್ನು ಕೆಡಿಸಿರುವುದು.

ಕಾನ್ಸೆಪ್ಟ್ ಕಾರು ಹೇಗೆ ತಯಾರಾಗುತ್ತದೆ ಎಂಬುದನ್ನು ನೋಡಿದರೆ ಅದು ರಸ್ತೆಯ ಕಾರಿಗಿಂತ ಯಾಕೆ ಭಿನ್ನವೆಂಬುದು ಅರ್ಧ ತಿಳಿದಂತೆ. ಮೊದಲು ಚಿತ್ರಗಳು, ನೂರಾರು ಚಿತ್ರಗಳಲ್ಲಿ ಉಳಿದ ಒಂದೆರಡನ್ನು ಗೋಡೆಯ ಮೇಲೆ ಕಾರಿನ ನಿಜ ಗಾತ್ರದಲ್ಲಿ ಕಪ್ಪು ಟೇಪು ಎಳೆದು ಮೂಡಿಸುತ್ತಾರೆ, ಏಕೆಂದರೆ ಕಾಗದದಲ್ಲಿ ಚೆಂದ ಕಂಡ ಗೆರೆ ನಾಲ್ಕು ಮೀಟರ್ ಉದ್ದಕ್ಕೆ ಹಿಗ್ಗಿದಾಗ ಸೊಟ್ಟಗಾಗಬಹುದು. ಆಮೇಲೆ ಮಣ್ಣು. ಗಣೇಶನ ಹಬ್ಬಕ್ಕೆ ಮುಂಚೆ ನಮ್ಮ ಕುಂಬಾರಗೇರಿಯಲ್ಲಿ ಕೆರೆಮಣ್ಣನ್ನು ಹದಮಾಡಿ, ಒಣಗಿ ಬಿರುಕು ಬಿಡದಂತೆ ಒದ್ದೆ ಬಟ್ಟೆ ಹೊದಿಸುತ್ತಾರಲ್ಲ, ವಿನ್ಯಾಸದ ಸ್ಟುಡಿಯೋದಲ್ಲಿ ಬಳಸುವ ಮಣ್ಣಿಗೆ ಆ ಉಪಚಾರ ಬೇಡ. ಅದರಲ್ಲಿ ನೀರಿನ ಬದಲು ಮೇಣ ಮತ್ತು ಎಣ್ಣೆ ಇರುತ್ತದೆ. ಒಲೆಯಂಥ ಪೆಟ್ಟಿಗೆಯಲ್ಲಿ 60 ಡಿಗ್ರಿಯ ಆಸುಪಾಸಿಗೆ ಬಿಸಿ ಮಾಡಿದಾಗ ಮೆತ್ತಗಾಗುತ್ತದೆ, ತಣಿದಾಗ ಸಾಬೂನಿನಂತೆ ಗಟ್ಟಿಯಾಗುತ್ತದೆ, ಕುಗ್ಗುವುದೂ ಇಲ್ಲ, ಬಿರಿಯುವುದೂ ಇಲ್ಲ. ಉಕ್ಕಿನ ಚೌಕಟ್ಟು, ಅದರ ಮೇಲೆ ಫೋಮ್, ಅದರ ಮೇಲೆ ಈ ಮಣ್ಣಿನ ಪದರ. ಈಗ ಕಂಪ್ಯೂಟರ್ ಹೇಳಿದಂತೆ ಕೊರೆಯುವ ಯಂತ್ರ ಮೊದಲ ಆಕಾರ ಕೊಡುತ್ತದೆ, ನಂತರ ಶಿಲ್ಪಿಗಳು ಉಕ್ಕಿನ ತೆಳು ಪಟ್ಟಿಗಳಿಂದ ಕೂದಲೆಳೆಯಷ್ಟು ಕೆರೆದು ತಿದ್ದುತ್ತಾರೆ. ಎಡಭಾಗಕ್ಕೊಂದು ವಿನ್ಯಾಸ, ಬಲಭಾಗಕ್ಕೊಂದು ವಿನ್ಯಾಸ ಮಾಡಿ ಒಂದೇ ಮಣ್ಣಿನ ಕಾರಿನಲ್ಲಿ ಎರಡನ್ನೂ ತೂಗಿ ನೋಡುವುದುಂಟು. ಕೊನೆಗೆ ಬಣ್ಣದ ಹೊಳಪಿರುವ ತೆಳು ಹಾಳೆಯನ್ನು ಎಳೆದು ಅಂಟಿಸಿದರೆ, ಹತ್ತು ಹೆಜ್ಜೆ ದೂರದಿಂದ ನೋಡಿದವನಿಗೆ ಅದು ಮಣ್ಣೆಂದು ತಿಳಿಯುವುದಿಲ್ಲ.

ಕಂಪ್ಯೂಟರ್ ಪರದೆಯಲ್ಲಿ ಎಲ್ಲವನ್ನೂ ತಿರುಗಿಸಿ ನೋಡಬಹುದಾದ ಈ ಕಾಲದಲ್ಲಿ ಮಣ್ಣೇಕೆ ಎಂಬ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಮೈಸೂರಿನ ಒಂದು ಟಿಂಕರಿಂಗ್ ಶೆಡ್ಡಿನಲ್ಲಿ. ನಮ್ಮ ಕಾರಿನ ಬಾಗಿಲು ನೆಗ್ಗಿತ್ತು. ಮೇಸ್ತ್ರಿ ಒಳಗಿನಿಂದ ಕಟ್ಟಿಗೆಯ ಸುತ್ತಿಗೆಯಲ್ಲಿ ತಟ್ಟಿ ಸಮ ಮಾಡಿ, ಪುಟ್ಟಿ ಹಾಕಿ ಉಜ್ಜಿ, ಬಣ್ಣ ಹೊಡೆದು ಮುಗಿಸಿದಾಗ ನನ್ನ ಕಣ್ಣಿಗೆ ಎಲ್ಲ ಸರಿಯಾಗಿಯೇ ಕಂಡಿತು. ಆತ ಮಾತ್ರ ಬಾಗಿಲಿನ ಮೇಲೆ ಅಂಗೈಯನ್ನು ಮೆಲ್ಲಗೆ ಎಳೆದು, ಹಿಂದೆ ಸರಿದು, ತಲೆ ಬಾಗಿಸಿ ನೋಡಿ, ‘ಟ್ಯೂಬ್‌ಲೈಟ್ ಗೆರೆ ನೋಡಿ ಸಾರ್, ಇಲ್ಲಿ ಮುರೀತಾ ಇದೆ’ ಎಂದರು. ಚಾವಣಿಯ ದೀಪದ ಪ್ರತಿಬಿಂಬ ಬಾಗಿಲಿನ ಉದ್ದಕ್ಕೂ ನೀರಿನಂತೆ ಹರಿದು ಬಂದು ಹಿಡಿಯ ಕೆಳಗೆ ಒಂದು ಕಡೆ ತುಸುವೇ ನಡುಗುತ್ತಿತ್ತು. ಕಾರು ವಿನ್ಯಾಸದ ಸ್ಟುಡಿಯೋಗಳ ಚಾವಣಿಯಲ್ಲಿ ಸಾಲುಸಾಲು ದೀಪಗಳಿರುವುದು ಇದೇ ಕಾರಣಕ್ಕೆ. ನಾವು ಕಾರಿನ ಆಕಾರವೆಂದು ನೋಡುವುದು ಬಹುಪಾಲು ಅದರ ಮೈಮೇಲೆ ಬೆಳಕು ಹರಿಯುವ ಬಗೆಯನ್ನು, ಮತ್ತು ಅದನ್ನು ಪೂರ್ಣ ಗಾತ್ರದಲ್ಲಿ ಸುತ್ತ ನಡೆದಾಡಿ, ಕೈಯಾಡಿಸಿ ನೋಡಿದಷ್ಟು ಸ್ಪಷ್ಟವಾಗಿ ಪರದೆಯ ಮೇಲೆ ತಿಳಿಯಲಾಗದು.

ಮಣ್ಣಿನ ಮಾದರಿಗೆ ಒಪ್ಪಿಗೆ ಸಿಕ್ಕ ಮೇಲೆ ಫೈಬರಿನಲ್ಲೋ ಲೋಹದಲ್ಲೋ ಪ್ರದರ್ಶನದ ಕಾರನ್ನು ಕಟ್ಟುತ್ತಾರೆ. ಕೆಲವು ನಿಜವಾಗಿ ಓಡುತ್ತವೆ. ಹಲವಕ್ಕೆ ವೇದಿಕೆಯ ಮೇಲೆ ಆಮೆಯ ವೇಗದಲ್ಲಿ ಬಂದು ನಿಲ್ಲಲು ಸಾಕಾಗುವಷ್ಟು ಚಿಕ್ಕ ಮೋಟರು ಮಾತ್ರ ಇರುತ್ತದೆ. ಇನ್ನು ಕೆಲವನ್ನು ತಳ್ಳಿಕೊಂಡೇ ತರಬೇಕು. ದಸರಾ ಮೆರವಣಿಗೆಯ ಸ್ತಬ್ಧಚಿತ್ರದಲ್ಲಿ ಕಾಣುವ ಅಣೆಕಟ್ಟಿನ ಹಿಂದೆ ನೀರಿದೆಯೇ ಎಂದು ನಾವು ಕೇಳುವುದಿಲ್ಲವಷ್ಟೆ.

ಈಗ ನನ್ನ ಸೋದರಳಿಯನ ತಕರಾರಿಗೆ ಬರೋಣ. ವೇದಿಕೆಯ ಕಾರು ಶೋರೂಮಿಗೆ ಬರುವಷ್ಟರಲ್ಲಿ ಏನೇನನ್ನು ಕಳೆದುಕೊಳ್ಳುತ್ತದೆ? ಎಲ್ಲಕ್ಕಿಂತ ಮೊದಲು ಗಾಲಿ. ದೊಡ್ಡ ಗಾಲಿ, ಅದರ ಸುತ್ತ ಬೆರಳು ತೂರದಷ್ಟು ಕಿರಿದಾದ ಸಂದು ಇದ್ದರೆ ಕಾರು ಗಟ್ಟಿಯಾಗಿ ನೆಲ ಕಚ್ಚಿ ನಿಂತಂತೆ ಕಾಣುತ್ತದೆ. ಆದರೆ ನಿಜವಾದ ಕಾರಿನ ಮುಂದಿನ ಗಾಲಿ ಎಡಕ್ಕೂ ಬಲಕ್ಕೂ ತಿರುಗಬೇಕು, ಹಳ್ಳಕ್ಕೆ ಬಿದ್ದಾಗ ಮೇಲಕ್ಕೆ ಏರಬೇಕು, ಐದು ಜನ ಮತ್ತು ಧರ್ಮಸ್ಥಳಕ್ಕೆ ಹೊರಟ ಸಾಮಾನು ತುಂಬಿದಾಗ ಮೈ ಕೆಳಗಿಳಿದರೂ ಉಜ್ಜಬಾರದು. ಅಷ್ಟಕ್ಕೆಲ್ಲ ಜಾಗ ಬಿಟ್ಟರೆ ಸಂದು ದೊಡ್ಡದಾಗುತ್ತದೆ, ಗಾಲಿ ಚಿಕ್ಕದಾಗಿ ಕಾಣುತ್ತದೆ. ದೊಡ್ಡ ಗಾಲಿಯ ಟೈರಿನ ಬೆಲೆ ಮತ್ತು ಮಂಡ್ಯದ ಒಳರಸ್ತೆಗಳ ಮೇಲೆ ಅದರ ಆಯುಷ್ಯ ಬೇರೆಯೇ ಲೆಕ್ಕ.

ಎರಡನೆಯದು ಗಾಜು. ಇದು ಯಾರೂ ಅಷ್ಟಾಗಿ ಗಮನಿಸದ, ಆದರೆ ವಿನ್ಯಾಸಕಾರನ ನಿದ್ದೆಗೆಡಿಸುವ ಸಂಗತಿ. ಕಿಟಕಿಯ ಗಾಜು ಕೆಳಗಿಳಿಯಬೇಕೆಂದರೆ ಅದು ಹೋಗಿ ಸೇರಲು ಬಾಗಿಲೊಳಗೆ ಅಷ್ಟೇ ಎತ್ತರದ ಜಾಗ ಬೇಕು, ಮತ್ತು ಗಾಜಿನ ಬಾಗು ಒಂದೇ ಹದದ ಕಮಾನಾಗಿರಬೇಕು. ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ ಬಾಗಿದ್ದರೆ ಕತ್ತಿ ಒರೆಯೊಳಗೆ ಜಾರಿದಂತೆ ಅದು ಜಾರುವುದಿಲ್ಲ. ಕಾನ್ಸೆಪ್ಟ್ ಕಾರಿನ ಗಾಜು ಹೆಚ್ಚಾಗಿ ಇಳಿಯುವುದೇ ಇಲ್ಲವಾದ್ದರಿಂದ ಅದನ್ನು ಹೇಗೆ ಬೇಕಾದರೂ ಬಾಗಿಸಬಹುದು, ಕಿಟಕಿಯನ್ನು ಎಷ್ಟು ಬೇಕಾದರೂ ಕಿರಿದು ಮಾಡಬಹುದು. ಮೈಸೂರಿನಿಂದ ಬೆಂಗಳೂರಿಗೆ ಹೋಗುವವನು ಟೋಲ್ ಗೇಟಿನಲ್ಲಿ ಫಾಸ್ಟ್ಯಾಗ್ ಕೈಕೊಟ್ಟಾಗ ಗಾಜು ಇಳಿಸಲೇಬೇಕಲ್ಲ.

ಮೂರನೆಯದು ಕಂಬ. ಚಾವಣಿಯನ್ನು ಹೊತ್ತ ಕಂಬಗಳು ತೆಳುವಾದಷ್ಟೂ, ಮುಂದಿನ ಮತ್ತು ಹಿಂದಿನ ಬಾಗಿಲುಗಳ ನಡುವಣ ಕಂಬವೇ ಇಲ್ಲದಿದ್ದರಂತೂ, ಕಾರು ಹಗುರವಾಗಿ ತೇಲಿದಂತೆ ಕಾಣುತ್ತದೆ. ಪಕ್ಕದಿಂದ ಬೇರೊಂದು ವಾಹನ ಗುದ್ದಿದಾಗ, ಕಾರು ಮಗುಚಿದಾಗ ಒಳಗಿದ್ದವರನ್ನು ಕಾಯುವುದು ಅವೇ ಕಂಬಗಳಾದ್ದರಿಂದ ಮಾರಾಟದ ಕಾರಿನಲ್ಲಿ ಅವು ದಪ್ಪಗಾಗುತ್ತವೆ. ಬಾನೆಟ್ಟಿನ ಕಥೆಯೂ ಹೀಗೆಯೇ. ಪಾದಚಾರಿಯ ತಲೆ ಬಂದು ಬಡಿದರೆ ತಗಡು ಒಳಕ್ಕೆ ಬಾಗಿ ಪೆಟ್ಟನ್ನು ಹೀರಿಕೊಳ್ಳಬೇಕು; ಅದಕ್ಕೆ ತಗಡಿಗೂ ಎಂಜಿನ್ನಿಗೂ ನಡುವೆ ಖಾಲಿ ಜಾಗ ಬೇಕು; ಹಾಗಾಗಿ ಚೂಪಾದ ತಗ್ಗು ಮೂಗು ಎತ್ತರಗೊಂಡು ಮೊಂಡಾಗುತ್ತದೆ. ಉಕ್ಕಿನ ತಗಡನ್ನು ಅಚ್ಚಿನಲ್ಲಿ ಒತ್ತುವಾಗ ಗೆರೆ ತೀರಾ ಚೂಪಾಗಿದ್ದರೆ ತಗಡು ಹರಿಯುತ್ತದೆಂಬ ಕಾರಣಕ್ಕೆ ಮೈಮೇಲಿನ ಗೆರೆಗಳೂ ಸ್ವಲ್ಪ ದುಂಡಾಗುತ್ತವೆ. ಇದರ ಮೇಲೆ ನಮ್ಮ ದೇಶದ್ದೇ ಒಂದು ಅಳತೆಗೋಲಿದೆ: ಉದ್ದ 4 ಮೀಟರಿನೊಳಗಿದ್ದು, ಪೆಟ್ರೋಲ್ ಎಂಜಿನ್ 1200 ಸಿಸಿ ಅಥವಾ ಡೀಸೆಲ್ ಎಂಜಿನ್ 1500 ಸಿಸಿ ಮೀರದಿದ್ದರೆ ತೆರಿಗೆ ಕಡಿಮೆ. ಕೆಲವು ಕಾರುಗಳ ಹಿಂಭಾಗವನ್ನು ಯಾರೋ ಮಚ್ಚಿನಿಂದ ಕಡಿದಂತೆ ಕಾಣಲು ಕಾರಣ ವಿನ್ಯಾಸಕಾರನ ಅಭಿರುಚಿಯಲ್ಲ, ಈ ಲೆಕ್ಕ.

ಇಷ್ಟೆಲ್ಲ ಕಳೆದ ಮೇಲೂ ಉಳಿಯುವುದು ಏನೆಂಬುದೇ ನಿಜವಾಗಿ ನೋಡಬೇಕಾದ್ದು. 2018ರ ಆಟೊ ಎಕ್ಸ್‌ಪೊದಲ್ಲಿ ಟಾಟಾ ಮೋಟರ್ಸ್ ‘ಎಚ್5ಎಕ್ಸ್’ ಎಂಬ ಕಾನ್ಸೆಪ್ಟ್ ಕಾರನ್ನು ತೋರಿಸಿತು. 2019ರ ಜನವರಿಯಲ್ಲಿ ಅದು ಹ್ಯಾರಿಯರ್ ಆಗಿ ಮಾರಾಟಕ್ಕೆ ಬಂತು. ಗಾಲಿ, ಕನ್ನಡಿ, ಬಂಪರುಗಳು ಬದಲಾದರೂ ಮುಖದ ಮೇಲ್ಭಾಗದಲ್ಲಿ ಹುಬ್ಬಿನಂತೆ ಸಣ್ಣ ದೀಪದ ಗೆರೆ, ದೊಡ್ಡ ಹೆಡ್‌ಲೈಟನ್ನು ಕೆಳಗೆ ಬಂಪರಿಗೆ ಇಳಿಸಿದ್ದು ಹಾಗೆಯೇ ಉಳಿಯಿತು. ಕಾರು ಇಲ್ಲದವನಿಗೂ ಈಗ ಆ ಮುಖದ ಗುರುತು ಸಿಗುತ್ತದೆ. ಸುಜುಕಿ 2002ರಲ್ಲಿ ಪ್ಯಾರಿಸ್ಸಿನಲ್ಲಿ ತೋರಿಸಿದ ‘ಕಾನ್ಸೆಪ್ಟ್ ಎಸ್’ನಿಂದ ಬೆಳೆದ ಸ್ವಿಫ್ಟ್ 2005ರಲ್ಲಿ ಭಾರತಕ್ಕೆ ಬಂತು, ಕುವೆಂಪುನಗರದ ಯಾವುದೇ ಅಡ್ಡರಸ್ತೆಯಲ್ಲಿ ಇಂದು ಒಂದಾದರೂ ಸ್ವಿಫ್ಟ್ ನಿಂತಿರುತ್ತದೆ. ನಮ್ಮ ರಾಜ್ಯದ್ದೇ ಉದಾಹರಣೆ ಬೇಕಾದರೆ, ಬೆಂಗಳೂರಿನ ರೇವಾ ಕಂಪನಿ 2009ರ ಫ್ರಾಂಕ್‌ಫರ್ಟ್ ಪ್ರದರ್ಶನಕ್ಕೆ ‘ಎನ್‌ಎಕ್ಸ್‌ಆರ್’ ಮತ್ತು ‘ಎನ್‌ಎಕ್ಸ್‌ಜಿ’ ಎಂಬ ಎರಡು ವಿದ್ಯುತ್ ಕಾರುಗಳನ್ನು ಒಯ್ದಿತ್ತು. ಮೊದಲನೆಯದರಿಂದ, ಕಂಪನಿ ಮಹೀಂದ್ರ ಕೈಗೆ ಹೋದ ಮೇಲೆ, 2013ರಲ್ಲಿ ‘ಇ2ಒ’ ಹುಟ್ಟಿತು. ಎರಡನೆಯದು ವೇದಿಕೆಯಲ್ಲೇ ಉಳಿಯಿತು.

ಉಳಿಯುವುದು ಕಾರಿನ ಒಂದು ಭಾಗವೇ ಆಗಿರಬೇಕೆಂದಿಲ್ಲ. 1970ರಲ್ಲಿ ಇಟಲಿಯ ಟ್ಯೂರಿನ್ನಿನಲ್ಲಿ ಕಾರುಗಳ ವಿನ್ಯಾಸ ಮಾಡುವ ಬೆರ್ತೋನೆ ಸಂಸ್ಥೆ ‘ಸ್ಟ್ರಾಟೋಸ್ ಜೀರೊ’ ಎಂಬ ಕಾರನ್ನು ತೋರಿಸಿತು. ಮಾರ್ಚೆಲ್ಲೊ ಗಾಂದಿನಿ ರೂಪಿಸಿದ ಅದರ ಎತ್ತರ 84 ಸೆಂಟಿಮೀಟರ್, ನಮ್ಮ ಮನೆಯ ಊಟದ ಮೇಜಿಗಿಂತ ತುಸುವೇ ಹೆಚ್ಚು. ಬಾಗಿಲಿಲ್ಲ, ಮುಂದಿನ ಗಾಜನ್ನು ಎತ್ತಿ ಒಳಗೆ ಕಾಲಿಡಬೇಕು. ಇದನ್ನು ಯಾರು ಕೊಳ್ಳುತ್ತಾರೆ? ಯಾರೂ ಇಲ್ಲ. ಆದರೆ ಇದೇ ಕಾರು, ಕಾರು ತಯಾರಿಸುವ ಲಾಂಚಿಯಾ ಕಂಪನಿಯನ್ನೂ ಬೆರ್ತೋನೆಯನ್ನೂ ಒಂದೆಡೆ ತಂದಿತು, ಆ ಮಾತುಕತೆಯಿಂದ ಲಾಂಚಿಯಾ ಸ್ಟ್ರಾಟೋಸ್ ಹುಟ್ಟಿತು, ಅದು 1974, 75, 76ರಲ್ಲಿ ಸತತವಾಗಿ ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್ ಗೆದ್ದಿತು. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಒಂದರಿಂದ ಇನ್ನೊಂದು ಬಂದಿತೆಂದು ಹೇಳುವುದು ಕಷ್ಟ.

ಜನರಲ್ ಮೋಟರ್ಸ್‌ನ ‘ಇಂಪ್ಯಾಕ್ಟ್’ ಇನ್ನೂ ದೂರ ಹೋಯಿತು. 1990ರ ಜನವರಿಯಲ್ಲಿ ಲಾಸ್ ಏಂಜಲಿಸ್‌ನಲ್ಲಿ ಅನಾವರಣಗೊಂಡ ಈ ವಿದ್ಯುತ್ ಕಾರು, ಬ್ಯಾಟರಿಯ ಕಾರೆಂದರೆ ಗಾಲ್ಫ್ ಮೈದಾನದ ಗಾಡಿ ಎಂದುಕೊಂಡಿದ್ದವರ ಎದುರು ನೀರಹನಿಯಂಥ ಆಕಾರದಲ್ಲಿ, ಸರಾಗವಾಗಿ ಓಡುವ ಕಾರಾಗಿ ನಿಂತಿತು. ವಿದ್ಯುತ್ ಕಾರು ಸಾಧ್ಯವೆಂದು ತಯಾರಕರೇ ತೋರಿಸಿಕೊಟ್ಟ ಮೇಲೆ ಕ್ಯಾಲಿಫೋರ್ನಿಯಾದ ವಾಯುಮಾಲಿನ್ಯ ಮಂಡಳಿ ಸುಮ್ಮನಿರಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ, 1998ರ ಹೊತ್ತಿಗೆ ದೊಡ್ಡ ಕಂಪನಿಗಳು ಆ ರಾಜ್ಯದಲ್ಲಿ ಮಾರುವ ಕಾರುಗಳಲ್ಲಿ ಶೇ 2ರಷ್ಟು ಹೊಗೆಯಿಲ್ಲದವು ಆಗಿರಬೇಕೆಂಬ ನಿಯಮ ತಂದಿತು. ಕಂಪನಿ ಎಸೆದ ಚೆಂಡು ಕಂಪನಿಯ ಅಂಗಳಕ್ಕೇ ಮರಳಿತು ಎನ್ನಬೇಕು. ಇಂಪ್ಯಾಕ್ಟ್ 1996ರಲ್ಲಿ ‘ಇವಿ1’ ಎಂಬ ಹೆಸರಿನಲ್ಲಿ ರಸ್ತೆಗಿಳಿಯಿತು, ಗುತ್ತಿಗೆಯ ಮೇಲೆ ಮಾತ್ರ. ತಯಾರಾದದ್ದು 1,117. ಮುಂದೆ ಕ್ಯಾಲಿಫೋರ್ನಿಯಾ ನಿಯಮವನ್ನು ಸಡಿಲಿಸಿತು, ಕಂಪನಿ ಕಾರುಗಳನ್ನು ಹಿಂದಕ್ಕೆ ಪಡೆದು ಹೆಚ್ಚಿನವನ್ನು ಜಜ್ಜಿ ಹಾಕಿತು. ಒಂದು ಕಾನ್ಸೆಪ್ಟ್ ಕಾರು ಆಕಾರದ ಮೇಲಷ್ಟೇ ಅಲ್ಲ, ಕಾನೂನಿನ ಮೇಲೂ ಗುರುತು ಬಿಟ್ಟ ಉದಾಹರಣೆಯಾಗಿ ನನಗೆ ಇದಕ್ಕಿಂತ ಉತ್ತಮವಾದದ್ದು ತಿಳಿಯದು.

ಎಲ್ಲ ಕಾನ್ಸೆಪ್ಟ್ ಕಾರುಗಳ ಹಿಂದೆಯೂ ಇಷ್ಟು ಗಟ್ಟಿಯಾದ ಪ್ರಶ್ನೆ ಇರುತ್ತದೆಂದು ಹೇಳಲಾರೆ. ಹೊಸದೇನೂ ಇಲ್ಲದ ವರ್ಷದಲ್ಲಿ ಸುದ್ದಿಯಲ್ಲಿರಲು ಕಟ್ಟಿದವೂ ಇವೆ. ಈಗಾಗಲೇ ಸಿದ್ಧವಾಗಿರುವ ಕಾರಿಗೇ ದೊಡ್ಡ ಗಾಲಿ ತೊಡಿಸಿ, ಹಿಡಿಗಳನ್ನು ಅಡಗಿಸಿ, ‘ಕಾನ್ಸೆಪ್ಟ್’ ಎಂದು ಕರೆಯುವ ರೂಢಿಯೂ ಬೆಳೆದಿದೆ. ಇಲ್ಲಿ ಮೊದಲು ಹುಟ್ಟುವುದು ಮಾರಾಟದ ಕಾರು, ಕಾನ್ಸೆಪ್ಟ್ ಆಮೇಲೆ. ತಂಗಿಯ ಮಗನ ಮೊಬೈಲಿನಲ್ಲಿದ್ದುದು ಈ ಜಾತಿಯದೇ ಇರಬೇಕೆಂದು ನನ್ನ ಊಹೆ. ಇದನ್ನು ಮೋಸವೆನ್ನದಿದ್ದರೂ ಅಲಂಕಾರವೆನ್ನಲು ಅಡ್ಡಿಯಿಲ್ಲ, ಮತ್ತು ಕಂಪನಿಗಳು ಹಾಗೆಂದು ತಾವೇ ಹೇಳಿದರೆ ಹುಡುಗರ ಒಂದು ವರ್ಷದ ಕನಸು ಸೋಫಾದ ಮೇಲೆ ಕುಸಿಯುವುದು ತಪ್ಪುತ್ತದೆ.

ಕೆಲಸ ಮುಗಿದ ಮೇಲೆ ಈ ಕಾರುಗಳ ಗತಿ ಏನು? ಶ್ರೀರಂಗಪಟ್ಟಣದ ಬಳಿ ಹೆದ್ದಾರಿಯ ಪಕ್ಕದಲ್ಲಿರುವ ‘ಪಯಣ’ ಸಂಗ್ರಹಾಲಯದಲ್ಲಿ ನಾವು ನೋಡುವ ಹಳೆಯ ಕಾರುಗಳು ರಸ್ತೆಯಲ್ಲಿ ಓಡಿ ಬಾಳಿದಂಥವು. ಕಾನ್ಸೆಪ್ಟ್ ಕಾರುಗಳು ಹೆಚ್ಚಾಗಿ ಕಂಪನಿಯ ಉಗ್ರಾಣ ಸೇರುತ್ತವೆ, ಇಲ್ಲವೇ ಗುಜರಿಗೆ ಹೋಗುತ್ತವೆ. 1955ರ ಲಿಂಕನ್ ಫ್ಯೂಚುರಾ ವರ್ಷಗಟ್ಟಲೆ ಮೂಲೆಯಲ್ಲಿದ್ದು, ಕೊನೆಗೆ 1966ರ ‘ಬ್ಯಾಟ್‌ಮನ್’ ಟಿವಿ ಧಾರಾವಾಹಿಗಾಗಿ ಅದರ ನಾಯಕನ ಕಾರು ಬ್ಯಾಟ್‌ಮೊಬೈಲ್ ಆಗಿ ಮಾರ್ಪಟ್ಟಿತು. ಮುಂದಿನ ಕಂಬಗಳೇ ಇಲ್ಲದ ಚಾವಣಿಯಿದ್ದ ಕ್ರೈಸ್ಲರ್ ನಾರ್ಸ್‌ಮನ್‌ಗೆ ಅಷ್ಟೂ ಭಾಗ್ಯವಿರಲಿಲ್ಲ. ಇಟಲಿಯಲ್ಲಿ ಕಟ್ಟಿ ಅಮೆರಿಕಕ್ಕೆ ಸಾಗಿಸುತ್ತಿದ್ದಾಗ, ಅದನ್ನು ಹೊತ್ತ ‘ಆಂಡ್ರಿಯಾ ಡೋರಿಯಾ’ ಹಡಗು 1956ರ ಜುಲೈನಲ್ಲಿ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ಸಾರ್ವಜನಿಕರು ಒಮ್ಮೆಯೂ ನೋಡದ ಆ ಕಾರು ಇಂದಿಗೂ ಅಟ್ಲಾಂಟಿಕ್ ಸಾಗರದ ತಳದಲ್ಲಿದೆ.

ಮುಂದಿನ ಭಾನುವಾರ ಅದೇ ಶೋರೂಮಿಗೆ ಮತ್ತೊಮ್ಮೆ ಹೋದೆವು. ಈ ಸಲ ಅವನು ಮೊಬೈಲಿನ ಚಿತ್ರವನ್ನು ಕಾರಿನ ಪಕ್ಕಕ್ಕೆ ಹಿಡಿದು ಒಂದೊಂದಾಗಿ ತಾಳೆ ನೋಡತೊಡಗಿದ. ಹಿಂದಿನ ಕಂಬದ ಓರೆ ಹಾಗೆಯೇ ಇತ್ತು. ದೀಪದಿಂದ ಹೊರಟು ಬಾಗಿಲುಗಳ ಮೇಲೆ ಹರಿದು ಹಿಂದಿನ ಗಾಲಿಯ ಭುಜದ ಮೇಲೆ ಏಳುವ ಗೆರೆ, ತುಸು ದುಂಡಾಗಿದ್ದರೂ, ಅದೇ ಗೆರೆಯೇ. ಹಿಂದಿನ ಸೀಟಿನಲ್ಲಿ ಕುಳಿತು ಕಿಟಕಿಯ ಗುಂಡಿ ಒತ್ತಿದ. ಗಾಜು ಇಳಿಯುತ್ತ ಬಂದು, ಪೂರ್ತಿ ಇಳಿಯದೆ, ನಾಲ್ಕು ಬೆರಳಿನಷ್ಟು ಮೇಲೆಯೇ ನಿಂತಿತು. ‘ಕೆಟ್ಟಿದೆಯಾ ಮಾವ?’ ಎಂದ. ಬಾಗಿಲು ತೆರೆದು, ಅದರ ಹಿಂದಿನ ಅಂಚು ಕೆಳಗೆ ಒಳಕ್ಕೆ ಕೊರೆದುಕೊಂಡಿರುವುದನ್ನು ತೋರಿಸಿದೆ. ಗಾಲಿಯ ಕಮಾನು ಅಲ್ಲಿ ಬಂದು ಕೂತಿತ್ತು, ಗಾಜಿಗೆ ಇಳಿಯಲು ಅದರಾಚೆ ಜಾಗವಿರಲಿಲ್ಲ. ಅವನು ಬಗ್ಗಿ, ಆ ಕಮಾನಿನ ಮೇಲೆ ಗೇಣು ಹಾಕಿ ಅಳೆದು ನೋಡಿದ.